ಕೈ ಕಚ್ಚದ ಚಕ್ರ

"ಇದು ನಂದಲ್ಲ," ಎಂದರು ಅನಂತರಾಜು.

ಬೋರಮ್ಮನ ಕೈಯಲ್ಲಿದ್ದ ಕಾಫಿ ಲೋಟ ಅರ್ಧ ದಾರಿಯಲ್ಲೇ ನಿಂತಿತು. ಐದು ದಿನ ಮನೆಯ ಮೂಲೆಮೂಲೆ ಹುಡುಕಿದರೂ ಸಿಗದ ವಸ್ತು ಇವತ್ತು ಬೆಳಿಗ್ಗೆ ತಾನಾಗಿಯೇ ಷೆಲ್ಫಿನ ಮೇಲೆ ಬಂದು ಕೂತಿತ್ತು. ಅವಳು ನನಗೆ ಫೋನ್ ಮಾಡಿ ಕರೆಸಿ, ಕೆಂಗಲ್ ಆಂಜನೇಯನಿಗೆ ಹೇಳಿಕೊಂಡಿದ್ದ ಕಾಯಿಯನ್ನು ಚೀಲಕ್ಕೆ ಹಾಕಿಟ್ಟು, ಖುಷಿಯಲ್ಲಿ ಕಾಫಿಗೆ ಎರಡೆರಡು ಸಲ ಸಕ್ಕರೆ ಸುರಿದಿದ್ದಳು.

"ಒಸಿ ಸರ್ಯಾಗ್ ನೋಡಿ. ನೀಲಿ ಹೆರಾಲ್ಡು. ನೀವೇ ಮಾಡಿದ್ದು."

"ನೋಡಕ್ಕೇನೈತೆ ಬೋರಿ. ಮುಟ್ಟುದ್ರೆ ಗೊತ್ತಾಯ್ತದೆ."

ಅವರು ಅದನ್ನು ಮಗುಚಿ ಹಿಡಿದು, ಅಡಿಯ ಚಕ್ರಗಳ ಒಳಮೈ ಮೇಲೆ ಹೆಬ್ಬೆರಳು ಆಡಿಸಿದರು. ಒಂದು ಸಲ, ಆಮೇಲೆ ಇನ್ನೊಂದು ಸಲ.

"ನನ್ನ ಚಕ್ರ ಕೈ ಕಚ್ತದೆ. ಇದು ಕಚ್ಚಾಕಿಲ್ಲ. ಯಾವನೋ ಇದನ್ನ ಮಡಗ್ಬುಟ್ಟು ನಂದನ್ನ ಹೊತ್ಕೊಂಡೋಗವ್ನೆ."

ಅಷ್ಟು ಹೇಳಿ ಅದನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದುಕೊಂಡು ಎದ್ದು, ಮಂಚದ ಕೆಳಗೆ ಬಗ್ಗಿ ಮತ್ತೆ ಹುಡುಕತೊಡಗಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಬೋರಮ್ಮನ ಮುಖ ಹಾಗಾಗಿತ್ತು.

ಹೋದ ವಾರ ಓದದವರಿಗೆ ಒಂದೇ ಮಾತು: ಚನ್ನಪಟ್ಟಣದ ಬೋರಮ್ಮ-ಅನಂತರಾಜು ದಂಪತಿಯ ಈ ಮನೆಯಲ್ಲಿದ್ದ ಏಳು ಕಾರು-ಟ್ಯಾಂಕುಗಳಲ್ಲಿ ಒಂದು ಶನಿವಾರ ಮಾಯವಾಯಿತು, ಅದನ್ನು ಹುಡುಕಿಕೊಡುವ ಕೆಲಸ ಅಂಕಮ್ಮ ಎಂಬ ನನ್ನ ತಲೆಗೆ ಬಿತ್ತು. ಹೆಡ್ ಕಾನ್‌ಸ್ಟೇಬಲ್ ಆಗಿ ನಾನು ರಿಟೈರಾಗಿ ನಾಲ್ಕು ವರ್ಷವಾಯಿತು. ನನ್ನ ಮಂಡಿಗಳು ಅದಕ್ಕಿಂತ ಎರಡು ವರ್ಷ ಮುಂಚೆಯೇ ರಿಟೈರಾಗಿದ್ದವು. ಬೋರಮ್ಮ ಮೂವತ್ತು ವರ್ಷದ ಗೆಳತಿ ಅಲ್ಲದಿದ್ದರೆ ಒಂದು ಆಟದ ಸಾಮಾನಿಗೋಸ್ಕರ ನಾನು ಇಷ್ಟು ಮೆಟ್ಟಿಲು ಹತ್ತಿ ಇಳಿಯುತ್ತಿರಲಿಲ್ಲ.

ಆದರೆ ಅದು ಬರೀ ಆಟದ ಸಾಮಾನಲ್ಲ. ಮೊಳದುದ್ದದ ಮಾದರಿಗಳು ಅವು. ಮೇಲೆ ಹಳೇ ಕಾರು, ಕೆಳಗೆ ಮಿಲಿಟರಿ ಟ್ಯಾಂಕು. ಹೆರಾಲ್ಡ್ ಕಾರಿಗೆ ಟೈರಿನ ಬದಲು ಸೈಕಲ್ ಟ್ಯೂಬು ಕತ್ತರಿಸಿ ಮಾಡಿದ ಪಟ್ಟಿ, ಪಟ್ಟಿಯೊಳಗೆ ಬದಿಗೆ ಐದರಂತೆ ಹತ್ತು ಚಕ್ರ, ಲಗೇಜ್ ಇಡುವ ಜಾಗದಲ್ಲಿ ಗುಂಡನೆಯ ಗೋಪುರ, ಅದರಿಂದ ಮುಂದಕ್ಕೆ ಚಾಚಿದ ಫಿರಂಗಿ. ಇಂಪಾಲಾದ ಫಿರಂಗಿಯಲ್ಲಿ ಬೋರಮ್ಮ ದಿನಾ ಊದಿನಕಡ್ಡಿ ಸಿಕ್ಕಿಸುತ್ತಾಳೆ. ಮಾರಿಸ್ ಕಾರಿನ ಹಿಂದಿನ ಸೀಟಿಗೆ ಬೆರಳಗಲದ ದಿಂಬು ಬೇರೆ.

ಅನಂತರಾಜು ಪ್ರಾಯದಲ್ಲಿ ಸೈನ್ಯದಲ್ಲಿ ಹವಾಲ್ದಾರರಾಗಿ ಟ್ಯಾಂಕು ರಿಪೇರಿ ಮಾಡಿದವರು. ಬಂದ ಮೇಲೆ ಮೈಸೂರು ರಸ್ತೆಯಲ್ಲಿ ಗ್ಯಾರೇಜು ಹಾಕಿ ಕಾರು ರಿಪೇರಿ ಮಾಡಿದರು. "ಎರಡು ಕಸುಬನ್ನೂ ಕಲಸಿ ಉಂಡೆ ಕಟ್ಟಿದೀನಿ," ಎಂದು ನಗುತ್ತಿದ್ದರು. ನಾವೂ ನಂಬಿದ್ದೆವು.

ಈಗ ಮೂರು ವರ್ಷದಿಂದ ಅವರಿಗೆ ಮರೆವಿನ ಕಾಯಿಲೆ. ನನ್ನ ಹೆಸರು ಹೋಗಿ ವರ್ಷವಾಯಿತು. ಬೋರಮ್ಮನನ್ನೇ ಎರಡು ದಿನ "ಯಾರವ್ವ ನೀನು" ಎಂದು ಕೇಳಿದರು. ಕೆಲವು ದಿನ ಮಾತ್ರ ಮೋಡ ಸರಿದ ಹಾಗೆ ಎಲ್ಲವೂ ನೆನಪಿರುತ್ತದೆ, ಒಂದು ಗಂಟೆ, ಎರಡು ಗಂಟೆ. ಮಿಕ್ಕಂತೆ ಉಳಿದಿದ್ದು ಒಂದೇ. ಸಂಜೆ ದೀಪ ಹಚ್ಚಿದ ಮೇಲೆ ಷೆಲ್ಫಿನ ಮುಂದೆ ನಿಂತು, ಒಂದೊಂದನ್ನೂ ಮುಟ್ಟಿ ಹೆಸರು ಹೇಳುತ್ತಿದ್ದರು. ಏಳು ಹೆಸರು ಮುಗಿದರೆ ಊಟ, ಊಟವಾದರೆ ನಿದ್ದೆ.

ಹೆರಾಲ್ಡ್ ಸಾಲಿನಲ್ಲಿ ಮೊದಲನೆಯದು. ಅದು ಹೋದ ದಿನದಿಂದ ಅವರ ಕೈ ಖಾಲಿ ಜಾಗಕ್ಕೆ ಹೋಗಿ ನಿಲ್ಲುತ್ತದೆ, ಮುಂದಿನ ಹೆಸರು ಬರುವುದಿಲ್ಲ. ಊಟವಿಲ್ಲ. ಮಂಗಳವಾರ ಅಟ್ಟ ಹತ್ತಲು ಹೋಗಿ ಬಿದ್ದು ಹಣೆ ಊದಿಸಿಕೊಂಡರು.

"ಆ ಹೆಸ್ರುಗಳು ನಿಂತೋದ್ರೆ ಅವ್ರೂ ನಿಂತೋಯ್ತಾರೆ ಕಣೆ ಅಂಕಿ," ಎಂದಿದ್ದಳು ಬೋರಮ್ಮ. ನಾನು ಕಳ್ಳನನ್ನು ಹಿಡಿಯಲು ಹೊರಟಿದ್ದು ಆ ಮಾತಿಗೆ.

ಬಾಗಿಲು ಮುರಿದಿರಲಿಲ್ಲ. ಅನುಮಾನ ಪಡಲು ಸಿಕ್ಕಿದ್ದವನು ಒಬ್ಬನೇ, ಹೆದ್ದಾರಿ ಬದಿಯ ಆಟಿಕೆ ಅಂಗಡಿಯ ಮಧುಕುಮಾರ್. ಮೂರು ಸಲ ಬಂದು, "ಇವನ್ನ ನನ್ನ ಷೋಕೇಸಲ್ಲಿ ಇಡ್ತೀನಿ, ಕೊಡಿ," ಎಂದು ಗಂಟು ಬಿದ್ದಿದ್ದ. ಸೋಮವಾರ ಅವನನ್ನು ಕೂರಿಸಿ ಎರಡು ಗಂಟೆ ಅರೆದೆ. ಪುಣ್ಯಾತ್ಮ ಎಳನೀರು ಕೊಟ್ಟು ಉತ್ತರ ಹೇಳಿದ. ಶನಿವಾರ ಅವನು ರಾಮನಗರದಲ್ಲಿ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಸೌಟು ಹಿಡಿದು ಬಡಿಸುತ್ತಿದ್ದ, ನೂರು ಎಲೆಯ ಜನ ಸಾಕ್ಷಿ. ಅವನ ಕ್ಷಮೆ ಕೇಳುವುದು ಬಾಕಿ ಇದೆ. ಅವನ ಕೋಪ ಪೂರ್ತಿ ಇಳಿಯಲಿ, ಕೇಳುತ್ತೇನೆ.

ನಕಲಿ ಹೆರಾಲ್ಡನ್ನು ಹಿತ್ತಲ ಬಿಸಿಲಿಗೆ ತಂದೆ. ಪಟ್ಟಿ ಸರಿಸಿ, ಹತ್ತೂ ಚಕ್ರ ಬಿಚ್ಚಿ, ಒಗೆಯುವ ಕಲ್ಲಿನ ಮೇಲೆ ಸಾಲಾಗಿ ಇಟ್ಟೆ. ಪೇಪರ್ ಓದುವ ಭೂತಗನ್ನಡಿ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ.

ಮೇಲೆ ನೋಡಿದರೆ ಯಾವ ತಪ್ಪೂ ಇಲ್ಲ. ಅದೇ ನೀಲಿ, ಅದೇ ಅಳತೆ, ಬಾಗಿಲಿನ ಗೀರು ಕೂಡ ಅದೇ ಜಾಗದಲ್ಲಿ. ಮಾಡಿದವರು ಅಸಲಿಯನ್ನು ಎದುರಿಗಿಟ್ಟುಕೊಂಡೇ ಮಾಡಿದ್ದಾರೆ.

ಚಕ್ರದಲ್ಲಿ ಮಾತ್ರ ಎಡವಿದ್ದಾರೆ. ಟ್ಯಾಂಕಿನ ಚಕ್ರ ಕೆಸರಿನಲ್ಲಿ ಉರುಳುವಂಥದ್ದು ಎಂದು ಅನಂತರಾಜು ತಮ್ಮ ಚಕ್ರಗಳನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ ಒರಟು ಮಾಡುತ್ತಿದ್ದರು. ಈ ಹತ್ತೂ ಚಕ್ರಗಳು ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದವು. ಹೊರಗಷ್ಟೇ ಅಲ್ಲ, ಯಾರ ಕಣ್ಣೂ ಹೋಗದ ಒಳಮೈಯೂ ಹೊಳೆಯುತ್ತಿತ್ತು.

ನಮ್ಮೂರಿನಲ್ಲಿ ಹುಟ್ಟಿದವರಿಗೆ ಇಷ್ಟು ಸಾಕು. ಹಾಲೆಮರವನ್ನು ಲೇತಿಗೆ ಕಚ್ಚಿಸಿ, ತಿರುಗುವಾಗ ಅರಗಿನ ಬಣ್ಣ ಒತ್ತಿ, ಕೊನೆಗೆ ತಾಳೆಗರಿಯಲ್ಲಿ ತೀಡಿ ಹೊಳಪು ಕೊಡುತ್ತಾರೆ ಇಲ್ಲಿನ ಬೊಂಬೆ ಮಾಡುವವರು. ಗರಿ ತೀಡದೆ ಒಂದು ಗುಂಡಿಯನ್ನೂ ಅವರು ಕೈಯಿಂದ ಕೆಳಗಿಡುವುದಿಲ್ಲ. ಮುಖ ತೊಳೆಸದೆ ಮಗುವನ್ನು ನೆಂಟರ ಮನೆಗೆ ಕಳಿಸುತ್ತೇವೆಯೇ, ಹಾಗೆ. ಒರಟಾಗಿಯೇ ಬಿಡು ಎಂದು ಯಾರಾದರೂ ಹೇಳಿದ್ದರೂ ಕೈ ಕೇಳುತ್ತಿರಲಿಲ್ಲ.

ಇನ್ನೊಂದು ಗುರುತು ಭೂತಗನ್ನಡಿಯಲ್ಲಿ ಸಿಕ್ಕಿತು. ಮೋಟರ್ ಲೇತು ಒಂದೇ ದಿಕ್ಕಿಗೆ ತಿರುಗುತ್ತದೆ, ಅರಗಿನ ಎಳೆಯೂ ಒಂದೇ ಕಡೆಗೆ ಹೋಗಿರುತ್ತದೆ. ಇಲ್ಲಿ ಎಳೆ ಒಂದು ಕಡೆಗೆ ಹೋಗಿ, ತಿರುಗಿ, ವಾಪಸ್ ಬಂದಿತ್ತು. ಕೈಯಲ್ಲಿ ಬಿಲ್ಲು ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆಯುವ ಹಳೇ ಲೇತಿನ ಕೆಲಸ ಅದು. ಈ ಸುತ್ತಿನ ಬೀದಿಗಳಲ್ಲಿ ಅಂಥ ಲೇತು ಇನ್ನೂ ಇರುವುದು ಒಂದೇ ಮನೆಯಲ್ಲಿ. ಬೀಟ್ ಸುತ್ತಿ ಸುತ್ತಿ ನನಗೆ ಈ ಬೀದಿಗಳ ಮಜ್ಜಿಗೆ ಹುಳಿಯೂ ಗೊತ್ತು.

"ಬೋರಿ, ಬೆಳಿಗ್ಗೆ ಮನೆಗೆ ಯಾರ್ ಬಂದಿದ್ರು?"

"ಹಾಲಿನೋನು. ಆಮ್ಯಾಕೆ ಕೆಹಕಶಾನ್ ಬಂದು ಇವ್ರನ್ನ ನೋಡ್ಕಂಡು ಹೋದ್ಲು. ನಾನು ಇವ್ರಿಗೆ ಸ್ನಾನಕ್ಕೆ ನೀರು ತೋಡ್ತಿದ್ದೆ." ಅಷ್ಟು ಹೇಳಿ ನನ್ನ ಮುಖ ನೋಡಿದಳು. "ಏಯ್, ಆ ಹುಡ್ಗಿ ಮ್ಯಾಲೆ ಅನುಮಾನ ಪಡಬ್ಯಾಡ. ಮಗಳಿಗಿಂತ ಹೆಚ್ಚು ಅವ್ಳು ನಮಗೆ."

ಚಕ್ರಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಉಳಿದ ನಕಲಿಯನ್ನು ಬ್ಯಾಗಿಗೆ ಹಾಕಿ ಹೊರಟೆ.

ಕೆಹಕಶಾನಳ ಮನೆ ಎರಡು ಬೀದಿ ಆಚೆ. ನಲವತ್ತರ ಆಸುಪಾಸಿನ ಹೆಂಗಸು, ಅಪ್ಪ ಬಿಟ್ಟುಹೋದ ಲೇತಿನ ಮುಂದೆ ನೆಲದ ಮೇಲೆ ಕೂತು ಬಿಲ್ಲು ಎಳೆಯುತ್ತಿದ್ದಳು. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಉಳಿ, ಉಳಿಗೆ ಆಸರೆಯಾಗಿ ಕಾಲಿನ ಹೆಬ್ಬೆರಳು. ಮನೆ ತುಂಬ ಬಿಸಿ ಅರಗಿನ ವಾಸನೆ.

"ಬನ್ನಿ ಅಂಕಮ್ಮಕ್ಕ. ಕೂತ್ಕಳಿ. ಟೀ ಮಾಡ್ತೀನಿ."

"ಟೀ ಆಮೇಲೆ. ಹವಾಲ್ದಾರ್ರ ಹೆರಾಲ್ಡು ವಾಪಸ್ ಬಂತು, ಗೊತ್ತಾ?"

"ಹೌದಾ? ಒಳ್ಳೇದಾಯ್ತು ಬಿಡಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಅವಳು ನೀಲಿ ಹತ್ತಿದ್ದ ಬೆರಳುಗಳನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡಳು.

ಕರವಸ್ತ್ರ ಬಿಚ್ಚಿ ಹತ್ತು ಚಕ್ರಗಳನ್ನು ಅವಳ ಮುಂದೆ ಇಟ್ಟೆ.

"ಇವು ಯಾರ ಕೆಲಸ?"

"ಗೊತ್ತಿಲ್ಲಕ್ಕ."

"ನೋಡಿ ಹೇಳು."

"ಊರಲ್ಲಿ ಸಾವಿರ ಲೇತವೆ."

"ಸಾವಿರ ಲೇತೂ ಒಂದೇ ಕಡೆ ತಿರುಗ್ತವೆ. ನಿಂದು ಹೋಗಿ ಬತ್ತದೆ. ಬಾಯಲ್ಲಿ ಸುಳ್ಳು ಹೇಳ್ಬೋದು ಕಣಮ್ಮ, ಕೈಯಲ್ಲಿ ಹೇಳಕ್ಕಾಗಲ್ಲ."

ಅವಳು ಒಂದು ಚಕ್ರ ಎತ್ತಿಕೊಂಡು ತಿರುಗಿಸಿ ನೋಡಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ಉಪ್ಪು ತಿಂದ ಮನೆ ಅದು. ನಿಮ್ಮಪ್ಪ ಹೋದಾಗ ಈ ಲೇತಿನ ಮುಂದೆ ನಿನ್ನನ್ನ ಕೂರಿಸಿ ಧೈರ್ಯ ಹೇಳಿದ ಮನುಷ್ಯ ಈಗ ಮಂಚದ ಕೆಳಗೆ ತೆವಳ್ತಾವ್ರೆ. ಐದು ದಿನದಿಂದ ಅನ್ನ ಮುಟ್ಟಿಲ್ಲ. ಅಸಲಿ ಯಾರಿಗೆ ಕೊಟ್ಟೆ? ಯಾರು ಹೇಳಿದ್ರು ನಿಂಗೆ ಕದಿ ಅಂತ?"

"ನಾನು ಕದ್ದಿಲ್ಲಕ್ಕ!"

"ಮತ್ತೆ ಯಾರು ಕದ್ದಿದ್ದು?"

ಅವಳ ಕಣ್ಣು ತುಂಬಿತು. ಬಿಲ್ಲನ್ನು ಪಕ್ಕಕ್ಕೆ ಸರಿಸಿದಳು.

"ಹವಾಲ್ದಾರ್ ಮಾಮಾನೇ."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತೆ. ಸರ್ವೀಸಿನಲ್ಲಿ ನಾನಾ ಥರದ ಕಳ್ಳರನ್ನು ನೋಡಿದ್ದೇನೆ. ತನ್ನದೇ ವಸ್ತು ಕದ್ದು, ತಾನೇ ಐದು ದಿನ ಹುಡುಕಿದವನನ್ನು ನೋಡಿರಲಿಲ್ಲ.

"ಶನಿವಾರ ಬೋರಮ್ಮ ಅತ್ತೆ ಕೆಂಗಲ್‌ಗೆ ಹೋಗಿದ್ರಲ್ಲ, ಆಗ ಬಂದ್ರು," ಎಂದಳು ಕೆಹಕಶಾನ್. "ಹಿತ್ಲ ಬಾಗ್ಲಿಂದ. ಚೀಲದಲ್ಲಿ ಹೆರಾಲ್ಡು, ಜೇಬಲ್ಲಿ ನೀಲಿ ಪೇಂಟ್ ಡಬ್ಬಿ. ನನ್ನ ಹೆಸ್ರು ಹಿಡಿದು ಕೂಗಿದ್ರು ಅಕ್ಕ. ಎಂಟು ತಿಂಗಳಾಗಿತ್ತು ಅವ್ರ ಬಾಯಲ್ಲಿ ನನ್ನ ಹೆಸ್ರು ಕೇಳಿ. ಎಲ್ಲಾ ನೆಟ್ಟಗಿತ್ತು ಅವತ್ತು."

"ಏನಂದ್ರು?"

"'ಇದರ ಅಳತೆ ತಗೊ, ಇನ್ನೊಂದು ಇಂಥದ್ದೇ ಮಾಡು, ನಾನು ಸ್ನಾನಕ್ಕೆ ಹೋದಾಗ ತಂದು ಷೆಲ್ಫ್‌ನಲ್ಲಿ ಮಡಗು, ಯಾರಿಗೂ ಹೇಳ್ಬ್ಯಾಡ' ಅಂದ್ರು. ಯಾರಿಗೆ ಮೋಸ ಮಾಡಕ್ಕೆ ಮಾಮಾ ಅಂದೆ, ನಕ್ಕೊಂಡು. 'ನಂಗೇ' ಅಂದ್ರು."

ಅವಳು ಅತ್ತಳು. ಅಳುವುದನ್ನು ಮುಗಿಸಲಿ ಎಂದು ನಾನು ಕಾದೆ. ಮುಗಿಯಲಿಲ್ಲ, ಅಳುತ್ತಲೇ ಮಾತು ಮುಂದುವರಿಸಿದಳು.

"'ನಾಳೆ ನಾನು ಮರ್ತೋಗಿರ್ತೀನಿ ಕಣವ್ವ. ಕೊಟ್ಟಿದ್ದೂ ಮರ್ತೋಯ್ತದೆ. ಇಲ್ಲಾ ಅಂತ ಹುಡುಕ್ತೀನಿ, ಬೋರಿ ಕಣ್ಣೀರಾಕ್ತಾಳೆ. ಅದ್ಕೇ ಆ ಮುದುಕನ್ನ ಯಾಮಾರ್ಸಕ್ಕೆ ಒಂದು ಮಾಡ್ಕೊಡು' ಅಂದ್ರು. ಬಾಡಿ ಕೆತ್ತೋದು ನಂಗೆ ರೂಢಿ ಇಲ್ಲ, ಎರಡು ದಿನ ಅಂದ್ಕೊಂಡಿದ್ದು ಐದು ದಿನ ಆಯ್ತು. ಅಷ್ಟ್ರಲ್ಲಿ ಅವ್ರು ಬಿದ್ರು. ನನ್ನ ತಪ್ಪು ಅಕ್ಕ."

"ಕೊಟ್ಟಿದ್ದೂ ಅಂದೆ. ಯಾರಿಗೆ ಕೊಟ್ಟಿದ್ದು?"

"ಅದು ಯಾರದೋ ಅವ್ರಿಗೇ. ಹೆರಾಲ್ಡು ಮಾಗಡಿ ಕಡೆ ಕೆಂಪಾಪುರದ ದೊಡ್ಡಹನುಮಯ್ಯ ಅನ್ನೋರದ್ದಂತೆ. ಮಾಮಾ ನನ್ನ ಫೋನಿಂದ ಕರೆಸಿದ್ರು, ಅವ್ರ ಮಗ ಬಸ್‌ಸ್ಟ್ಯಾಂಡಿಗೆ ಬಂದಿದ್ದ. ಅಳತೆ ಬರ್ಕೊಂಡ ಮೇಲೆ ನಾನೇ ಮಾಮಾನ್ನ ಕರ್ಕೊಂಡೋಗಿ ಕೊಡಿಸ್ದೆ, ಮನೆಗೂ ಬಿಟ್ಟೆ."

"ಅವರದ್ದು ಅಂದ್ರೆ? ಮಾಡಿದ್ದು ಅನಂತರಾಜು ಅಲ್ವಾ?"

ಕೆಹಕಶಾನ್ ಮೂಗು ಒರೆಸಿಕೊಂಡು ಹೇಳಿದ ಕಥೆಯನ್ನು ಬೋರಮ್ಮ ಐವತ್ತು ವರ್ಷದ ಸಂಸಾರದಲ್ಲಿ ಒಂದು ದಿನವೂ ಕೇಳಿರಲಿಲ್ಲ.

ಗಡಿಯಲ್ಲಿ ಕೆಟ್ಟು ನಿಂತ ಟ್ಯಾಂಕುಗಳನ್ನು ರಿಪೇರಿ ಮಾಡುವ ಗುಂಪಿನಲ್ಲಿ ಏಳು ಜನರಿದ್ದರಂತೆ, ಎಲ್ಲರೂ ಈ ಕಡೆಯ ಹುಡುಗರೇ. ಚಳಿಯಲ್ಲಿ ಕೈ ಸೆಟೆದು ಸ್ಪ್ಯಾನರ್ ಹಿಡಿಯಲಾಗದಾಗ ಟ್ಯಾಂಕಿಗೆ ಒರಗಿ ಕೂತು ಒಂದೇ ಮಾತು, ಊರಿಗೆ ಹೋದ ಮೇಲೆ ಯಾವ ಕಾರು ತೆಗೆದುಕೊಳ್ಳುವುದು. ಒಬ್ಬನಿಗೆ ಹೆರಾಲ್ಡು, ಒಬ್ಬನಿಗೆ ಫಿಯೆಟ್ಟು, ಹೆಂಡತಿ ಹಿಂದಿನ ಸೀಟಿನಲ್ಲಿ ಮಲಗಬೇಕು ಎನ್ನುವವನಿಗೆ ಮಾರಿಸ್ಸು. ಇಂಪಾಲಾ ಬೇಕು ಎಂದವನಿಗೆ ಸೈಕಲ್ ಹೊಡೆಯಲೂ ಬರುತ್ತಿರಲಿಲ್ಲವಂತೆ. ಊರಿಗೆ ಬಂದ ಮೇಲೆ ಒಬ್ಬರೂ ಕಾರು ತೆಗೆದುಕೊಳ್ಳಲಿಲ್ಲ. ಇಬ್ಬರು ಊರಿಗೇ ಬರಲಿಲ್ಲ.

"'ಮಾಡಿ ಮಡಗ್ದೆ, ಕೊಡಾನ ಕೊಡಾನ ಅಂತ ಹತ್ತು ವರ್ಷ ಹೋಯ್ತು. ಅವರ ಹೆಸ್ರು ಈಗ ಒಂದೊಂದೇ ಉದುರ್ತಾ ಅವೆ. ನೆನಪಿರೋವಾಗ್ಲೇ ಅವರವರ ಮನೆಗೆ ಒಪ್ಪಿಸ್ಬೇಕು' ಅಂದ್ರು."

ದಿನಾ ಸಂಜೆ ಅವರು ಕಾರುಗಳ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆವು. ಅವರು ಹಾಜರಿ ಕೂಗುತ್ತಿದ್ದರು. ಜನರ ಹೆಸರು ಮರೆತುಹೋದ ಮೇಲೂ ಅವರ ಕಾರುಗಳ ಹೆಸರಿನಲ್ಲಿ ಕೂಗುತ್ತಿದ್ದರು. ಮೊದಲನೆಯವನೇ ಉತ್ತರ ಕೊಡದಿದ್ದರೆ ಮುಂದಿನವನನ್ನು ಕರೆಯುವುದು ಹೇಗೆ? ಮೂವತ್ತು ವರ್ಷ ನೋಡಿದ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲ ಅನ್ನಿಸಿ ನಾಚಿಕೆಯಾಯಿತು.

"ಏಳನ್ನೂ ಕೊಟ್ಬಿಡ್ತಾರಂತಾ?"

"ಆರು. ಆರಕ್ಕೂ ಒಂದೊಂದು ನಕಲು ಮಾಡು ಅಂದವ್ರೆ. ಅಂಬಾಸಿಡರ್ ಮಾತ್ರ ಬ್ಯಾಡ ಅಂದ್ರು. ಅದು ಅವ್ರದ್ದೇ ಅಂತೆ. 'ಅದನ್ನ ಯಾರ್ಗೂ ಕೊಡಾಕಿಲ್ಲ. ಅವ್ರನ್ನೆಲ್ಲಾ ಸೇರ್ಕೊಳಕ್ಕೆ ಹೊಲ್ಟಾಗ ನಾನೇ ಎತ್ಕೊಂಡೋಯ್ತೀನಿ' ಅಂದ್ರು."

ಆಮೇಲೆ ನನಗೆ ಮಾಡಬೇಕಾದ ಕೆಲಸ ನೆನಪಾಯಿತು. ಬೋರಮ್ಮನಿಗೆ ಇದನ್ನೆಲ್ಲ ಹೇಳಬೇಕೋ ಬೇಡವೋ, ಅದು ನಾಳೆಯ ಚಿಂತೆ. ಇವತ್ತು ಸಂಜೆ ಆ ಮನುಷ್ಯ ಉಣ್ಣಬೇಕು.

"ಉಪ್ಪುಕಾಗದ ಐತಾ?"

"ಯಾಕಕ್ಕ?"

"ನಿನ್ನ ಚಕ್ರ ಅವ್ರ ಕೈ ಕಚ್ಚಲಿಲ್ಲ. ಅದ್ಕೇ ಸಿಕ್ಕಿಬಿದ್ದೆ. ಗರಿ ಯಾಕೆ ತೀಡಿದೆ? ಅವರು ಹೇಳಿರಲಿಲ್ವಾ?"

"ಒರಟಾಗೇ ಬಿಡು ಅಂತ ಹೇಳಿದ್ರು." ಅವಳು ತಲೆ ತಗ್ಗಿಸಿದಳು. "ಬಿಡಬೇಕು ಅಂತಾನೇ ಇದ್ದೆ. ಕೈ ತಾನಾಗೇ ಗರಿ ತಗೊಂತು. ಮುಗಿದ ಮೇಲೆ ಗೊತ್ತಾಯ್ತು. ಆಮೇಲೆ ಕೆಡಿಸಕ್ಕೆ ಮನ್ಸೇ ಬರ್ಲಿಲ್ಲ."

ಅವಳು ಹಾಳೆ ಹರಿದು ಅರ್ಧ ನನಗೆ ಕೊಟ್ಟಳು. ಇಬ್ಬರೂ ಕೂತು ಉಜ್ಜಿದೆವು. ತಾನೇ ತಂದ ಹೊಳಪನ್ನು ತಾನೇ ತೆಗೆಯುವಾಗ ಅವಳು ಪ್ರತಿ ಚಕ್ರಕ್ಕೂ ಒಂದೊಂದು ಸಲ ಕಣ್ಣು ಮುಚ್ಚುತ್ತಿದ್ದಳು. ಸರ್ಕಾರದ ಪದಕ ಪಡೆದ ಹೆಡ್ ಕಾನ್‌ಸ್ಟೇಬಲ್ಲು ನಾನು, ಒಂದು ವಂಚನೆಗೆ ಇಷ್ಟು ಮನಸಿಟ್ಟು ಯಾವತ್ತೂ ಕೆಲಸ ಮಾಡಿರಲಿಲ್ಲ. ಹತ್ತನೆಯದನ್ನು ಮುಗಿಸಿ ಒಳಮೈ ಮೇಲೆ ಹೆಬ್ಬೆರಳು ಆಡಿಸಿದೆ. ಚೆನ್ನಾಗಿ ಕಚ್ಚಿತು.

"ಈಗ ಉಣ್ತಾರೆ ಬಿಡು," ಎಂದೆ. ಕೆಹಕಶಾನ್ ಆ ಮಧ್ಯಾಹ್ನ ಮೊದಲ ಸಲ ನಕ್ಕಳು.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಬೋರಮ್ಮ. ಕೈ ತುಂಬ ಮರದ ಪುಡಿಯಿದ್ದದ್ದರಿಂದ ಸ್ಪೀಕರಿಗೆ ಹಾಕಿದೆ.

"ಅಂಕಿ, ಇವ್ರು ಅಲ್ಲಿ ಅವ್ರಾ?"

"ಇಲ್ಲ. ಯಾಕೆ?"

"ಅನ್ನಕ್ಕಿಟ್ಟು ಬರೋವಷ್ಟ್ರಲ್ಲಿ ಇಲ್ಲ ಕಣೆ. ಹಿತ್ಲ ಬಾಗ್ಲು ತೆಗ್ದೈತೆ. ಚಪ್ಲಿ ಇಲ್ಲೇ ಅವೆ. ಬೀದಿ ಕೊನೆಗಂಟ ನೋಡ್ಕಂಡು ಬಂದೆ." ಅವಳಿಗೆ ಉಸಿರು ಹತ್ತುತ್ತಿತ್ತು. ಆ ಬೀದಿಯ ಕೊನೆಗೆ ಮೈಸೂರು ರಸ್ತೆ, ಅದರಾಚೆ ರೈಲು ಹಳಿ.

"ಗಾಬರಿಯಾಗಬ್ಯಾಡ. ಷೆಲ್ಫ್ ನೋಡು. ಯಾವುದಾದ್ರೂ ಕಮ್ಮಿ ಆಗೈತಾ?"

ಯಾರಿಗೋ ಒಪ್ಪಿಸಲು ಹೋಗಿರುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಾರೆ ಎಂದೇ ನಾನು ಅಂದುಕೊಂಡಿದ್ದು. ಫಿಯೆಟ್ ಇಲ್ಲ ಅನ್ನಲಿ ದೇವರೇ, ಮಾರಿಸ್ ಇಲ್ಲ ಅನ್ನಲಿ. ಕೆಹಕಶಾನ್ ಉಪ್ಪುಕಾಗದ ಕೆಳಗಿಟ್ಟು ಫೋನಿನ ಹತ್ತಿರಕ್ಕೆ ಜರುಗಿದಳು.

ಬೋರಮ್ಮ ಒಳಗೆ ಹೋದದ್ದು, ಬಳೆ ಷೆಲ್ಫಿಗೆ ತಾಗಿದ್ದು ಕೇಳಿಸಿತು.

"ಅಂಬಾಸಿಡರ್ ಇಲ್ಲ ಕಣೆ," ಎಂದಳು. "ಉಳಿದವೆಲ್ಲಾ ಇಲ್ಲೇ ಅವೆ. ಅಂಕಿ, ಅದೊಂದನ್ನೇ ಯಾಕೆ ಎತ್ಕೊಂಡೋದ್ರು?"